ಗಾಳಿದೋಣಿಯ ಮೋಟಾರಿಗೆ ನಾವೇ ಮಾಡಿಕೊಳ್ಳುವ ಸ್ಪೀಡ್ ಕಂಟ್ರೋಲ್

ನಾಬ್ ಸೊನ್ನೆಗೆ ತಿರುಗಿಸಿದ್ದೇನೆ, ಮೋಟಾರ್ ಮಾತ್ರ ಫುಲ್ ಸ್ಪೀಡಿನಲ್ಲೇ ಓಡುತ್ತಿದೆ. ಮುಂದೆ ನಲವತ್ತು ಅಡಿ ದೂರದಲ್ಲಿ ನೀರಿನಿಂದ ತಲೆ ಎತ್ತಿದ ಮರದ ಬೊಡ್ಡೆಗಳು. ನಾನು ಕೂತಿರುವುದು ಗಾಳಿ ತುಂಬಿದ ದೋಣಿಯ ಮೇಲೆ. ಬ್ಯಾಟರಿಯ ಪ್ಲಗ್ ಬೆನ್ನ ಹಿಂದೆ, ಸೀಟಿನ ಆಚೆ, ಕೈಗೆ ಸಿಗುತ್ತಿಲ್ಲ.

ಇದು ಆಗಿದ್ದು ರಾಟಲ್‌ಸ್ನೇಕ್ ಲೇಕ್‌ನಲ್ಲಿ. ಸಿಯಾಟಲ್‌ನಿಂದ ಪೂರ್ವಕ್ಕೆ ನಾರ್ತ್ ಬೆಂಡ್ ಊರಿನ ಹತ್ತಿರ ಇದೆ. ಅಲ್ಲಿ ಹಿಂದೆ ಮಾಂಕ್ಟನ್ ಅಂತ ಒಂದು ಊರಿತ್ತು. 1915ರಲ್ಲಿ ಹತ್ತಿರದ ಅಣೆಕಟ್ಟಿನ ನೀರು ನೆಲದೊಳಗಿಂದ ಜಿನುಗಿ ಬಂದು ಊರನ್ನೇ ಮುಳುಗಿಸಿತು. ಬೇಸಿಗೆ ಕಳೆದು ನೀರು ಇಳಿದಾಗ ಹಳೆಯ ದೊಡ್ಡ ಮರಗಳ ಬೊಡ್ಡೆಗಳು ಹೊರಗೆ ಕಾಣುತ್ತವೆ. ಫೋಟೋಗೆ ಚೆಂದ, ಗಾಳಿದೋಣಿಗೆ ಅಲ್ಲ.

ಕಾಲಿಗೆ ಹಾಕಿಕೊಂಡ ಈಜುವ ಫಿನ್‌ಗಳನ್ನು ಒಂದೇ ಪಕ್ಕಕ್ಕೆ ಬಡಿದು ದೋಣಿ ತಿರುಗಿಸಿದೆ, ಅದು ಗಾಣದ ಎತ್ತಿನ ಹಾಗೆ ಸುತ್ತು ಹೊಡೆಯತೊಡಗಿತು, ಆ ಸುತ್ತಿನಲ್ಲೇ ಸೊಂಟ ತಿರುಚಿ, ಸೀಟಿನ ಮೇಲೆ ಮಂಡಿಯೂರಿ, ಕೊನೆಗೂ ಪ್ಲಗ್ ಕಿತ್ತೆ. ದಡಕ್ಕೆ ಬಂದು ಸ್ಪೀಡ್ ಕಂಟ್ರೋಲಿನ ಡಬ್ಬ ಬಿಚ್ಚಿದರೆ ಸುಟ್ಟ ವಾಸನೆ. ಅವತ್ತು ಕಲಿತಿದ್ದನ್ನು ಇಟ್ಟುಕೊಂಡೇ ಈ ಲೇಖನ ಬರೆಯುತ್ತಿದ್ದೇನೆ. ಹಾಗಾಗಿ ನಾಬ್‌ಗಿಂತ ಮುಂಚೆ ನಿಲ್ಲಿಸುವ ಸ್ವಿಚ್ಚಿನ ಮಾತು ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಇದೆಲ್ಲ ಯಾಕೆ ಬೇಕು

ಪೊಂಟೂನ್ ದೋಣಿ ನೋಡಿರದವರಿಗೆ: ಎಂಟೊಂಬತ್ತು ಅಡಿ ಉದ್ದದ ಎರಡು ಗಾಳಿ ಕೊಳವೆ, ಅವುಗಳ ಮೇಲೆ ಪೈಪಿನ ಚೌಕಟ್ಟು, ನಡುವೆ ಒಂದು ಕುರ್ಚಿ, ಎರಡು ಹುಟ್ಟು. ಒಬ್ಬರೇ ಹೊತ್ತುಕೊಂಡು ಹೋಗಬಹುದು, ಕಾರಿನ ಡಿಕ್ಕಿಯಲ್ಲಿ ಹಿಡಿಸುತ್ತದೆ. ಹರಿಗೋಲಿನಲ್ಲಿ ಕೂತವರಿಗೆ ಇದು ಸಿಂಹಾಸನ ಅನ್ನಿಸುತ್ತದೆ. ಕುರ್ಚಿಯ ಹಿಂದೆ ಮೋಟಾರ್ ತಗುಲಿಸಲು ಒಂದು ಹಲಗೆ ಇರುತ್ತದೆ. ತೊಂದರೆ ಶುರುವಾಗುವುದು ಅಲ್ಲೇ. ಟ್ರೋಲಿಂಗ್ ಮೋಟಾರನ್ನು, ಅಂದರೆ ದೋಣಿಯನ್ನು ನಿಧಾನಕ್ಕೆ ನೂಕುವ ಈ ಚಿಕ್ಕ ಬ್ಯಾಟರಿ ಮೋಟಾರನ್ನು, ಮಾಡಿರುವುದು ಸಾದಾ ದೋಣಿಯ ಹಿಂಭಾಗದಲ್ಲಿ ಕೂತು ಹಿಡಿಕೆ ತಿರುಗಿಸುವವರಿಗೆ. ನಮಗೆ ಆ ಹಿಡಿಕೆ ಬೆನ್ನ ಹಿಂದೆ. ಪ್ರತಿ ಸಲ ಸ್ಪೀಡ್ ಬದಲಿಸಲು ಕತ್ತು ತಿರುಚಬೇಕು. ಅದೇ ಗಳಿಗೆಯಲ್ಲಿ ಮೀನು ಗಾಳ ಕಚ್ಚಿದರೆ ಕಥೆ ಮುಗಿಯಿತು.

ಇನ್ನೊಂದು ಕಾರಣವೂ ಇದೆ. ಮಿನ್ ಕೋಟಾ ಎಂಡ್ಯೂರಾ ಸಿ2 ಥರದ ಸಾದಾ ಮೋಟಾರುಗಳಲ್ಲಿ ಮುಂದಕ್ಕೆ ಐದು, ಹಿಂದಕ್ಕೆ ಮೂರು ಸ್ಪೀಡ್. ಟ್ರೌಟ್ ಮೀನಿಗೆ ನಿಧಾನವಾಗಿ ಗಾಳ ಎಳೆದುಕೊಂಡು ಹೋಗಲು ನಮಗೆ ಬೇಕಾದ ವೇಗ ಯಾವಾಗಲೂ ಒಂದು ಮತ್ತು ಎರಡರ ನಡುವೆಯೇ ಇರುತ್ತದೆ. ಜೊತೆಗೆ ಈ ಕಡಿಮೆ ಸ್ಪೀಡುಗಳಲ್ಲಿ ಕರೆಂಟ್ ಸುಮ್ನೆ ದಂಡವಾಗುತ್ತದೆ.

ನಮ್ಮ ಅಜ್ಜಿ ಮನೆಯಲ್ಲಿದ್ದ ಹಳೆ ಫ್ಯಾನ್ ರೆಗ್ಯುಲೇಟರ್ ನೆನಪಿದೆಯಾ? ಇಟ್ಟಿಗೆಯಷ್ಟು ದಪ್ಪ, ಫ್ಯಾನ್ ನಿಧಾನಕ್ಕೆ ಇಟ್ಟರೆ ಡಬ್ಬ ಬಿಸಿ. ಒಳಗೆ ತಂತಿಯ ಸುರುಳಿ ಇತ್ತು, ಬೇಡದ ವೋಲ್ಟೇಜನ್ನು ಶಾಖ ಮಾಡಿ ಕಳೆಯುತ್ತಿತ್ತು. ಐದು ಸ್ಪೀಡಿನ ಮೋಟಾರ್ ಮಾಡುವುದೂ ಅದನ್ನೇ. ಸುರುಳಿ ನೀರಿನೊಳಗಿರುವ ಮೋಟಾರಿನ ಭಾಗದಲ್ಲಿರುತ್ತದೆ, ಆದ್ದರಿಂದ ಬಿಸಿ ನಮಗೆ ಗೊತ್ತಾಗುವುದಿಲ್ಲ, ಕೆರೆಗೆ ಹೋಗುತ್ತದೆ. ಐದನೇ ಸ್ಪೀಡಿನಲ್ಲಿ ಮಾತ್ರ ಸುರುಳಿ ತಪ್ಪಿಸಿ ಬ್ಯಾಟರಿ ನೇರವಾಗಿ ಮೋಟಾರಿಗೆ ಸಿಗುತ್ತದೆ. ಇದನ್ನು ನೆನಪಿಡಿ, ನಮ್ಮ ಇಡೀ ಕೆಲಸ ಇದರ ಮೇಲೆ ನಿಂತಿದೆ.

ಪಿಡಬ್ಲ್ಯೂಎಂ (ಪಲ್ಸ್ ವಿಡ್ತ್ ಮಾಡ್ಯುಲೇಷನ್) ಕಂಟ್ರೋಲರ್ ಹೊಸ ರೆಗ್ಯುಲೇಟರ್ ಇದ್ದ ಹಾಗೆ. ಅದು ವೋಲ್ಟೇಜನ್ನು ಸುಡುವುದಿಲ್ಲ. ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡುತ್ತದೆ, ಎಷ್ಟು ಹೊತ್ತು ಆನ್ ಅನ್ನುವುದರ ಮೇಲೆ ಸ್ಪೀಡ್. ಲೆಕ್ಕ ಹೀಗೆ: ಮೋಟಾರಿಗೆ 6 ವೋಲ್ಟಿನಲ್ಲಿ 10 ಆಂಪ್ ಬೇಕು ಅಂದುಕೊಳ್ಳಿ. ಸುರುಳಿ ಇದ್ದರೆ 12 ವೋಲ್ಟಿನ ಬ್ಯಾಟರಿಯಿಂದಲೂ 10 ಆಂಪ್ ಹೋಗುತ್ತದೆ, 120 ವ್ಯಾಟ್‌ನಲ್ಲಿ 60 ಬರೀ ಶಾಖ. ಪಿಡಬ್ಲ್ಯೂಎಂನಲ್ಲಿ ಬ್ಯಾಟರಿಯಿಂದ ಸುಮಾರು 5 ಆಂಪ್, ಮೇಲೆ ಚಿಲ್ಲರೆ ನಷ್ಟ. 50 ಆಂಪ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಐದು ಗಂಟೆಯ ಆಟ ಹತ್ತು ಗಂಟೆಯ ಹತ್ತಿರ ಬರುತ್ತದೆ. ಪೂರ್ತಿ ಖಾಲಿ ಮಾಡಬಾರದು ಅಂತ ಎಂಟು ಅಂದುಕೊಳ್ಳಿ.

ಮೊದಲು ನಿಮ್ಮ ಮೋಟಾರ್ ಯಾವುದು ನೋಡಿ

ಹಿಡಿಕೆ ತಿರುಗಿಸಿದರೆ ಟಕ್ ಟಕ್ ಅಂತ ಐದು ಮೆಟ್ಟಿಲು ಸಿಗುತ್ತದಾ? ಹಾಗಿದ್ದರೆ ಒಳಗಿರುವುದು ಬ್ರಷ್ ಮೋಟಾರ್ ಮತ್ತು ಸುರುಳಿ, ಈ ಕೆಲಸಕ್ಕೆ ಸರಿ. ಮೆಟ್ಟಿಲಿಲ್ಲದೆ ನುಣ್ಣಗೆ ತಿರುಗುತ್ತದಾ? ಅದರಲ್ಲಿ ಪಿಡಬ್ಲ್ಯೂಎಂ ಆಗಲೇ ಇದೆ. ಅದಕ್ಕೆ ಇನ್ನೊಂದನ್ನು ಸೇರಿಸಿದರೆ ಎರಡೂ ಹಾಳು. ಬ್ರಷ್ ಇಲ್ಲದ ಹೊಸ ಮೋಟಾರುಗಳಿಗೂ ಇದು ನಡೆಯುವುದಿಲ್ಲ.

ಆಮೇಲೆ ಆಂಪ್ ನೋಡಿ. 30 ಪೌಂಡ್ ನೂಕುಬಲದ 12 ವೋಲ್ಟ್ ಮೋಟಾರ್ ಹೆಚ್ಚೆಂದರೆ 30 ಆಂಪ್ ಎಳೆಯುತ್ತದೆ, 55 ಪೌಂಡಿನದು 50ರ ತನಕ. ಪೊಂಟೂನಿಗೆ 30 ಧಾರಾಳ. 55 ಹಾಕಿಕೊಂಡವರೂ ಇದ್ದಾರೆ, ದೋಣಿಯ ಮೂತಿ ಮೇಲೆದ್ದು ಹೋಗುತ್ತದೆ ಅಷ್ಟೇ, ವೇಗ ಹೇಳಿಕೊಳ್ಳುವಷ್ಟು ಬರುವುದಿಲ್ಲ. ವೇಗ ಎರಡರಷ್ಟು ಬೇಕು ಅಂದರೆ ಪವರ್ ಹೆಚ್ಚುಕಮ್ಮಿ ಎಂಟರಷ್ಟು ಬೇಕು, ನೀರಿನ ಲೆಕ್ಕವೇ ಹಾಗೆ.

ಸಾಮಾನು

ಕಂಟ್ರೋಲರ್ ವಿಷಯದಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬೋರ್ಡ್ ಮೇಲೆ 40 ಆಂಪ್ ಅಂತ ಬರೆದಿತ್ತು, ನನ್ನ ಮೋಟಾರ್ 30, ಸಾಕಲ್ಲ ಅಂದುಕೊಂಡೆ. ಆ ಅಂಕಿ ಫ್ಯಾನ್ ಗಾಳಿ ಬೀಸುತ್ತಿದ್ದಾಗ ಕೆಲವು ಸೆಕೆಂಡಿನ ಮಟ್ಟಿಗೆ ಇದ್ದಿರಬಹುದು. ಮುಚ್ಚಿದ ಡಬ್ಬದಲ್ಲಿ ಗಂಟೆಗಟ್ಟಲೆ ಅಲ್ಲ. ಬರೆದಿದ್ದರಲ್ಲಿ ಅರ್ಧ ಮಾತ್ರ ನಂಬಿ. 30 ಆಂಪ್ ಮೋಟಾರಿಗೆ 60 ಅಥವಾ ಅದಕ್ಕಿಂತ ಜಾಸ್ತಿ ಬರೆದಿರುವುದನ್ನು ತಗೊಳ್ಳಿ. ಸ್ವಿಚಿಂಗ್, ಅಂದರೆ ಆನ್ ಆಫ್ ಮಾಡುವ ವೇಗ, 15ರಿಂದ 20 ಕಿಲೋಹರ್ಟ್ಜ್ ಇದ್ದರೆ ಒಳ್ಳೆಯದು, ಕಡಿಮೆ ಇದ್ದರೆ ಮೋಟಾರ್ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತದೆ.

ಉಳಿದಿದ್ದು: 40 ಆಂಪಿನ ಮರೀನ್ ಬ್ರೇಕರ್ ಒಂದು, ಕರೆಂಟ್ ಮಿತಿ ಮೀರಿದರೆ ತಾನೇ ಕಡಿಯುವಂಥದ್ದು. 80 ಆಂಪ್ ಅಥವಾ ಮೇಲಿನ 12 ವೋಲ್ಟ್ ರಿಲೇ (ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್), ಎಡೆಬಿಡದೆ ಆನ್ ಇರಬಲ್ಲಂಥದ್ದು. ಔಟ್‌ಬೋರ್ಡ್ ಇಂಜಿನ್ನಿಗೆ ಹಾಕುವ ಕೆಂಪು ದಾರದ ಕಿಲ್ ಸ್ವಿಚ್, ದಾರ ಎಳೆದರೆ ಕ್ಲಿಪ್ ಕಿತ್ತು ಬಂದು ನಿಲ್ಲಿಸುವಂಥದ್ದು. 8 ಗೇಜ್ ತವರ ಲೇಪದ ತಾಮ್ರದ ವೈರ್, ಅದಕ್ಕೆ ಸರಿಯಾದ ಲಗ್‌ಗಳು (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು). ಎರಡು ಜೊತೆ ಆಂಡರ್ಸನ್ ಎಸ್‌ಬಿ50 ಕನೆಕ್ಟರ್. ನೀರು ನುಗ್ಗದ ಪ್ಲಾಸ್ಟಿಕ್ ಡಬ್ಬ, ಒಂದು ಅಲ್ಯೂಮಿನಿಯಂ ತಗಡು, ಮೂರು ಎಳೆಯ ತೆಳು ಕೇಬಲ್. ಮನೆಯಲ್ಲಿ ಮಲ್ಟಿಮೀಟರ್ ಇಲ್ಲ ಅಂದರೆ ಮೊದಲು ಅದನ್ನು ತನ್ನಿ, ಆಮೇಲೆ ಉಳಿದ ಮಾತು.

ಕಿಲ್ ಸ್ವಿಚ್ಚಿನಲ್ಲಿ ಒಂದು ಮೋಸವಿದೆ. ಇದರಲ್ಲಿ ಎರಡು ಜಾತಿ. ಕ್ಲಿಪ್ ಕಿತ್ತಾಗ ಸರ್ಕ್ಯೂಟ್ ಕೂಡುವಂಥದ್ದು ಒಂದು. ಪೆಟ್ರೋಲ್ ಇಂಜಿನ್ನಿನ ಕಿಡಿಯನ್ನು ನೆಲಕ್ಕೆ ಕೊಟ್ಟು ನಿಲ್ಲಿಸುವುದು ಹಾಗೆಯೇ. ಕ್ಲಿಪ್ ಕಿತ್ತಾಗ ಕಡಿಯುವಂಥದ್ದು ಇನ್ನೊಂದು. ನಮಗೆ ಬೇಕಾದ್ದು ಎರಡನೆಯದು. ಮಲ್ಟಿಮೀಟರ್ ಇಟ್ಟು ನೋಡಿ, ಕ್ಲಿಪ್ ಇದ್ದಾಗ ಬೀಪ್ ಬರಬೇಕು, ಕಿತ್ತಾಗ ಸುಮ್ಮನಾಗಬೇಕು.

ನಿಲ್ಲಿಸುವ ಏರ್ಪಾಡು ಮೊದಲು

ಪಿಡಬ್ಲ್ಯೂಎಂ ಬೋರ್ಡಿನಲ್ಲಿ ಕೆಲಸ ಮಾಡುವುದು ಮಾಸ್‌ಫೆಟ್ ಅನ್ನುವ ಬಿಡಿಭಾಗ. ಅದು ಸುಟ್ಟರೆ ಸಾಮಾನ್ಯವಾಗಿ ತಂತಿ ಕಡಿದ ಹಾಗೆ ಆಗುವುದಿಲ್ಲ, ಎರಡು ತಂತಿ ಬೆಸೆದ ಹಾಗೆ ಆಗುತ್ತದೆ. ಅಂದರೆ ಕಂಟ್ರೋಲರ್ ಸತ್ತರೆ ಮೋಟಾರ್ ನಿಲ್ಲುವುದಿಲ್ಲ, ಪೂರ್ತಿ ವೇಗದಲ್ಲಿ ಓಡುತ್ತದೆ. ನಾಬ್ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಬ್ರೇಕರ್ ಕೂಡ ಬೀಳುವುದಿಲ್ಲ, ಯಾಕೆಂದರೆ ಫುಲ್ ಸ್ಪೀಡಿನ 30 ಆಂಪ್ ಅದರ ಲೆಕ್ಕದಲ್ಲಿ ಸರಿಯಾಗೇ ಇದೆ. ಅವತ್ತು ನನಗೆ ಆಗಿದ್ದು ಇದೇ.

ಹಾಗಾಗಿ ಸಾಲು ಹೀಗಿರಲಿ: ಬ್ಯಾಟರಿ, ಬ್ರೇಕರ್, ರಿಲೇ, ಕಂಟ್ರೋಲರ್, ಮೋಟಾರ್. ಬ್ರೇಕರ್ ಬ್ಯಾಟರಿಯ ಪ್ಲಸ್ ಕಡ್ಡಿಗೆ ಗೇಣು ದೂರದೊಳಗೆ. ರಿಲೇಯ ದಪ್ಪ ಕಾಲುಗಳು ಪ್ಲಸ್ ವೈರಿನಲ್ಲಿ. ರಿಲೇಯ ಕಾಯಿಲ್‌ಗೆ ಹೋಗುವ ತೆಳು ವೈರ್ ಮಾತ್ರ ಮುಂದೆ ಬಂದು, ಕಿಲ್ ಸ್ವಿಚ್ ಮೂಲಕ ಹಾದು ಹೋಗಲಿ, ಅದಕ್ಕೆ 2 ಆಂಪಿನ ಚಿಕ್ಕ ಫ್ಯೂಸ್. ಕಾಯಿಲ್‌ಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್, ಬೆಳ್ಳಿ ಪಟ್ಟೆ ಪ್ಲಸ್ ಕಡೆಗೆ. ದಾರವನ್ನು ಲೈಫ್ ಜಾಕೆಟ್ಟಿಗೆ ಸಿಕ್ಕಿಸಿಕೊಂಡರೆ, ನೀವು ನೀರಿಗೆ ಬಿದ್ದರೂ ದೋಣಿ ನಿಮ್ಮನ್ನು ಬಿಟ್ಟು ಹೋಗುವುದಿಲ್ಲ.

30 ಆಂಪನ್ನು ನೇರವಾಗಿ ಆ ಕೆಂಪು ಸ್ವಿಚ್ಚಿನಲ್ಲೇ ಹಾಯಿಸಿದರಾಯಿತಲ್ಲ, ರಿಲೇ ಯಾಕೆ ಅಂತ ಕೇಳಬಹುದು. ಆ ಸ್ವಿಚ್ ಕರಗುತ್ತದೆ, ಅದಕ್ಕೆ. ರಿಲೇಯಲ್ಲಿ ಇನ್ನೊಂದು ಲಾಭವಿದೆ, ತೆಳು ವೈರ್ ಎಲ್ಲಾದರೂ ತುಂಡಾದರೆ ಕಾಯಿಲ್ ಸತ್ತು ಮೋಟಾರ್ ನಿಲ್ಲುತ್ತದೆ. ಕೆಟ್ಟರೆ ನಿಲ್ಲಬೇಕು, ಓಡಬಾರದು.

ಈಗ ಕಂಟ್ರೋಲರ್

ನನ್ನ ಮೊದಲನೇ ಮಾದರಿಯಲ್ಲಿ ಇಡೀ ಡಬ್ಬವನ್ನೇ ತೋಳಿನ ಪಕ್ಕ ತಂದಿದ್ದೆ, ದಪ್ಪ ವೈರುಗಳು ಹಿಂದಿನಿಂದ ಮುಂದಕ್ಕೆ, ಮತ್ತೆ ಮುಂದಿನಿಂದ ಹಿಂದಕ್ಕೆ. ಅದು ಬೇಡ. ಬ್ಯಾಟರಿಯಿಂದ ಕಂಟ್ರೋಲರಿಗೆ ವೈರ್ ಉದ್ದವಾದಷ್ಟೂ ಬೋರ್ಡಿನ ಕೆಪಾಸಿಟರುಗಳಿಗೆ ಪೆಟ್ಟು ಜಾಸ್ತಿ. ವೋಲ್ಟೇಜೂ ಬೀಳುತ್ತದೆ: 10 ಗೇಜ್ ವೈರ್ ಹೋಗಿ ಬರುವುದು ಸೇರಿ 5 ಮೀಟರ್ ಆದರೆ 30 ಆಂಪಿಗೆ ಸುಮಾರು ಅರ್ಧ ವೋಲ್ಟ್ ಹೋಯಿತು. ಡಬ್ಬ ಹಿಂದೆ ಬ್ಯಾಟರಿಯ ಪಕ್ಕದಲ್ಲೇ ಇರಲಿ. ಬೋರ್ಡಿನ ನಾಬನ್ನು ಮಾತ್ರ ಬಿಡಿಸಿ, ಮೂರು ಎಳೆಯ ಕೇಬಲಿನಲ್ಲಿ ಕೈಯ ಪಕ್ಕಕ್ಕೆ ತನ್ನಿ. ಒಂದು ಮೀಟರ್ ಸುತ್ತಮುತ್ತ ಸಾಕಾಗುತ್ತದೆ. ನಾಬ್ ಬದಲಿಸುವುದಾದರೆ ಮೊದಲಿದ್ದ ಓಮ್ ಬೆಲೆಯದ್ದನ್ನೇ ಹಾಕಿ.

ಮೋಟಾರಿನ ತಲೆ ಬಿಚ್ಚಬೇಡಿ. ಒಳಗಿನ ವೈರ್ ಕತ್ತರಿಸಿ ಜೋಡಿಸುವವರು ಇದ್ದಾರೆ, ನನಗೆ ಅದರ ಅಗತ್ಯ ಕಂಡಿಲ್ಲ. ಮೋಟಾರಿನ ಬ್ಯಾಟರಿ ವೈರುಗಳನ್ನು ಕಂಟ್ರೋಲರಿನ ಔಟ್‌ಪುಟ್‌ಗೆ ಕೊಟ್ಟು, ಹಿಡಿಕೆಯನ್ನು ಐದಕ್ಕೆ ಇಟ್ಟುಬಿಡಿ. ಸುರುಳಿ ತಪ್ಪಿತು, ಇನ್ನು ಸ್ಪೀಡ್ ನಮ್ಮ ನಾಬಿನದ್ದು. ಕಂಟ್ರೋಲರ್ ಕೆಟ್ಟ ದಿನ ಆಂಡರ್ಸನ್ ಪ್ಲಗ್ ಕಿತ್ತು ರಿಲೇಯ ಕಡೆಯ ಪ್ಲಗ್‌ಗೆ ನೇರ ಸಿಕ್ಕಿಸಿದರೆ ಹಳೆಯ ಐದು ಸ್ಪೀಡ್ ಮತ್ತೆ ಬಂತು, ಕಿಲ್ ಸ್ವಿಚ್ಚೂ ಉಳಿಯಿತು. ದಡ ಸೇರಬಹುದು.

ರಿವರ್ಸ್‌ಗೆ ಮೋಟಾರಿನ ಹಿಡಿಕೆಯೇ ಇದೆ. ಆದರೆ ಓಡುತ್ತಿರುವಾಗ ತಿರುಗಿಸಬೇಡಿ. ತಿರುಗುತ್ತಿರುವ ಮೋಟಾರ್ ಜನರೇಟರ್ ಇದ್ದ ಹಾಗೆ, ದಿಕ್ಕು ಅದಲುಬದಲಾದರೆ ಅದರ ಕರೆಂಟ್ ಪೂರ್ತಿ ಕಂಟ್ರೋಲರಿನ ಡಯೋಡಿನೊಳಗೆ ನುಗ್ಗುತ್ತದೆ. ನಾಬ್ ಸೊನ್ನೆ, ಪ್ರೊಪೆಲ್ಲರ್ ನಿಲ್ಲುವ ತನಕ ಎರಡು ಉಸಿರು, ಆಮೇಲೆ ರಿವರ್ಸ್.

ಎರಡು ಬಲೆಗಳ ಬಗ್ಗೆ ಹೇಳಬೇಕು. ಈ ಬೋರ್ಡುಗಳಲ್ಲಿ ಹೆಚ್ಚಿನವು ಪ್ಲಸ್ಸನ್ನು ನೇರ ಬಿಟ್ಟು ಮೈನಸ್ಸನ್ನು ಆನ್ ಆಫ್ ಮಾಡುತ್ತವೆ. ಅಂದರೆ ಮೋಟಾರಿನ ಮೈನಸ್ ಬೇರೆ, ಬ್ಯಾಟರಿಯ ಮೈನಸ್ ಬೇರೆ. ಎರಡೂ ಮೈನಸ್ಸೇ ಅಲ್ವಾ ಅಂತ ಒಟ್ಟಿಗೆ ಬಿಗಿದರೆ, ಅಥವಾ ಚೌಕಟ್ಟಿನ ಕಬ್ಬಿಣದ ಮೂಲಕ ಅವು ತಾಗಿದರೆ, ಮೋಟಾರ್ ಫುಲ್ ಸ್ಪೀಡ್. ಎರಡನೆಯದು, ಬೋರ್ಡಿನ ಮೇಲಿನ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಎಷ್ಟೋ ಸಲ ಕರೆಂಟ್ ಇರುವ ಭಾಗಕ್ಕೇ ತಾಗಿರುತ್ತದೆ. ಮಲ್ಟಿಮೀಟರಿನಲ್ಲಿ ನೋಡದೆ ಅದನ್ನು ಅಲ್ಯೂಮಿನಿಯಂ ತಗಡಿಗೆ ಬಿಗಿಯಬೇಡಿ, ನಡುವೆ ಸಿಲಿಕೋನ್ ಪ್ಯಾಡ್ ಇರಲಿ.

ತಗಡು ಯಾಕೆ ಅಂದರೆ, ನೀರು ಹೋಗದ ಡಬ್ಬದಿಂದ ಬಿಸಿಯೂ ಹೋಗುವುದಿಲ್ಲ. ಡಬ್ಬದ ಒಂದು ಗೋಡೆ ಕತ್ತರಿಸಿ, ಅಲ್ಲಿ ತಗಡು ಕೂರಿಸಿ, ಅಂಚಿಗೆ ಸಿಲಿಕೋನ್ ಹಚ್ಚಿ. ಬಿಸಿ ತಗಡಿನ ಮೂಲಕ ಹೊರಗಿನ ಗಾಳಿಗೆ ಹೋಗುತ್ತದೆ. ವೈರುಗಳು ಡಬ್ಬದ ಕೆಳಗಿನಿಂದ ಒಳಗೆ ಹೋಗಲಿ, ಮೇಲಿನಿಂದ ಬೇಡ. ಸ್ಕ್ರೂ ತುದಿ, ತಗಡಿನ ಮೂಲೆ ಯಾವುದೂ ಗಾಳಿ ಕೊಳವೆಯ ಕಡೆ ಮುಖ ಮಾಡಬಾರದು. ಅರದಿಂದ ಉಜ್ಜಿ ಮೊಂಡು ಮಾಡಿ.

ಲಗ್‌ಗಳನ್ನು ಒಳ್ಳೆ ಕ್ರಿಂಪಿಂಗ್ ಟೂಲಿನಿಂದ ಒತ್ತಿ, ಎಳೆದು ನೋಡಿ. ಇಕ್ಕಳದಲ್ಲಿ ಜಜ್ಜಿದ ಲಗ್ 30 ಆಂಪಿಗೆ ಕಾದು ಪ್ಲಾಸ್ಟಿಕ್ ಕರಗುತ್ತದೆ.

ನೀರಿಗೆ ಇಳಿಸುವ ಮುಂಚೆ

ಮೊದಲು ಮೋಟಾರ್ ಬೇಡ, ಬಲ್ಬ್ ಹಾಕಿ. ಕಾರಿನ 21 ವ್ಯಾಟ್ ಬ್ರೇಕ್ ಬಲ್ಬ್ ಎರಡು ಆಂಪಿಗೂ ಕಡಿಮೆ ಎಳೆಯುತ್ತದೆ, ತಪ್ಪಿದ್ದರೂ ಏನೂ ಸುಡುವುದಿಲ್ಲ. ನಾಬ್ ತಿರುಗಿಸಿದ ಹಾಗೆ ಬೆಳಕು ನಿಧಾನಕ್ಕೆ ಏರಬೇಕು. ಕೆಂಪು ದಾರ ಎಳೆದ ತಕ್ಷಣ ಆರಬೇಕು. ಆಮೇಲೆ, ಇದನ್ನು ಬಿಡಬೇಡಿ, ನಾಬಿನ ಮೂರು ಎಳೆಯ ಕೇಬಲನ್ನು ಬಲ್ಬ್ ಉರಿಯುತ್ತಿರುವಾಗಲೇ ಕಿತ್ತು ನೋಡಿ. ಕೆಲವು ಬೋರ್ಡುಗಳಲ್ಲಿ ಬಲ್ಬ್ ಆರುತ್ತದೆ, ಕೆಲವದರಲ್ಲಿ ಪೂರ್ತಿ ಉರಿಯುತ್ತದೆ. ಪೂರ್ತಿ ಉರಿದರೆ ಆ ಕೇಬಲ್ ಸಡಿಲಾದ ದಿನ ಏನಾಗುತ್ತದೆ ಅಂತ ನಿಮಗೆ ಮೊದಲೇ ಗೊತ್ತಿರುತ್ತದೆ. ಬೇರೆ ಬೋರ್ಡ್ ಸಿಕ್ಕರೆ ಬದಲಿಸಿ, ಇಲ್ಲವಾದರೆ ಕನೆಕ್ಟರ್ ತಿರುಚಿ ಬಿಗಿಯಾಗುವಂಥದ್ದೇ ಹಾಕಿ.

ಬಲ್ಬ್ ಆದ ಮೇಲೆ ಮೋಟಾರ್. ಗ್ಯಾರೇಜಿನಲ್ಲಿ ಡ್ರಮ್ಮಿಗೆ ನೀರು ತುಂಬಿ ಓಡಿಸಬಹುದು, ಆದರೆ ನಾಬನ್ನು ಅರ್ಧಕ್ಕಿಂತ ಮೇಲೆ ಒಯ್ದರೆ ಡ್ರಮ್ಮಿನ ನೀರೆಲ್ಲ ಮೈಮೇಲೆ. ನಿಜವಾದ ಪರೀಕ್ಷೆ ದಡದಲ್ಲಿ. ದೋಣಿಯನ್ನು ಗಟ್ಟಿ ಹಗ್ಗದಲ್ಲಿ ಮರಕ್ಕೆ ಕಟ್ಟಿ, ಹತ್ತು ಹದಿನೈದು ನಿಮಿಷ ಫುಲ್ ಸ್ಪೀಡ್ ಓಡಿಸಿ. ಕಟ್ಟಿದ ದೋಣಿಯಲ್ಲಿ ಮೋಟಾರಿಗೆ ಅತಿ ಹೆಚ್ಚು ಭಾರ ಬೀಳುತ್ತದೆ. ಡಿಸಿ ಕ್ಲ್ಯಾಂಪ್ ಮೀಟರಿನಲ್ಲಿ ಆಂಪ್ ನೋಡಿ. ಆಮೇಲೆ ಮೋಟಾರ್ ನಿಲ್ಲಿಸಿ ತಗಡು, ಬ್ರೇಕರ್, ಪ್ರತಿ ಲಗ್ ಮುಟ್ಟಿ ನೋಡಿ. ಬೆರಳು ಇಡಲಾಗದಷ್ಟು ಬಿಸಿ ಎಲ್ಲಿದೆಯೋ ಅಲ್ಲಿ ಕೆಲಸ ಬಾಕಿ ಇದೆ.

ಬ್ಯಾಟರಿ ಮತ್ತು ತೂಕ

ಸೀಸದ ಡೀಪ್ ಸೈಕಲ್ ಬ್ಯಾಟರಿ ದೊಡ್ಡದಾದರೆ ಇಪ್ಪತ್ತು ಕಿಲೋ ದಾಟುತ್ತದೆ. ಮೋಟಾರ್ ಹಿಂದೆ, ಅದೂ ಹಿಂದೆ, ದೋಣಿ ಕುಂಡೆಯೂರಿದ ನಾಯಿಯ ಹಾಗೆ ಕೂರುತ್ತದೆ. 50 ಆಂಪ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಆರು ಕಿಲೋ ಆಸುಪಾಸು. ದುಡ್ಡು ಜಾಸ್ತಿ, ಸೊಂಟಕ್ಕೆ ಒಳ್ಳೆಯದು. ಅದರೊಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಎಷ್ಟು ಆಂಪ್ ಬಿಡುತ್ತದೆ ನೋಡಿ, ನಿಮ್ಮ ಮೋಟಾರಿಗಿಂತ ಜಾಸ್ತಿ ಇರಬೇಕು. ಇದು ಖಾಲಿಯಾಗುವಾಗ ನಿಧಾನ ಆಗುವುದಿಲ್ಲ, ಒಮ್ಮೆಲೇ ನಿಲ್ಲುತ್ತದೆ. ಹುಟ್ಟು ಮನೆಯಲ್ಲಿ ಬಿಟ್ಟು ಹೋಗಬೇಡಿ. ಚಳಿಗಾಲದಲ್ಲಿ ಗ್ಯಾರೇಜ್ ಸೊನ್ನೆ ಡಿಗ್ರಿಗಿಂತ ಕೆಳಗಿದ್ದರೆ ಚಾರ್ಜಿಗೆ ಹಾಕಬಾರದು, ಮನೆಯೊಳಗೆ ತನ್ನಿ.

ಮೀನು ಎಲ್ಲಿದೆ ಅಂತ ತೋರಿಸುವ ಫಿಶ್ ಫೈಂಡರನ್ನು ಇದೇ ಬ್ಯಾಟರಿಗೆ ಕೊಟ್ಟರೆ ಸ್ಕ್ರೀನ್ ಮೇಲೆ ಮಳೆ ಸುರಿದ ಹಾಗೆ ಚುಕ್ಕೆಗಳು, ಅದು ಪಿಡಬ್ಲ್ಯೂಎಂ ಗಲಾಟೆ. ಅದಕ್ಕೊಂದು ಚಿಕ್ಕ ಬ್ಯಾಟರಿ ಬೇರೆ ಇಡಿ.

ಕೆರೆಗೆ ಹೋಗುವಾಗ

ರಾಟಲ್‌ಸ್ನೇಕ್ ಲೇಕ್‌ನಲ್ಲಿ ಪೆಟ್ರೋಲ್ ಇಂಜಿನ್ ನಿಷಿದ್ಧ, ಎಲೆಕ್ಟ್ರಿಕ್ ನಡೆಯುತ್ತದೆ. ಉತ್ತರಕ್ಕೆ ಪಾಸ್ ಲೇಕ್‌ಗೆ ಹೋದರೆ ಮೋಟಾರ್ ಇರುವ ದೋಣಿಯಿಂದ ಮೀನು ಹಿಡಿಯುವ ಹಾಗೇ ಇಲ್ಲ, ಹುಟ್ಟೇ ಗತಿ. ವಾಷಿಂಗ್ಟನ್ ರಾಜ್ಯದಲ್ಲಿ 16 ಅಡಿಗಿಂತ ಚಿಕ್ಕ, 10 ಹಾರ್ಸ್‌ಪವರ್ ಮೀರದ ದೋಣಿಗೆ ಫೆಡರಲ್ ಅಂದರೆ ಕೇಂದ್ರ ಸರ್ಕಾರದ ವ್ಯಾಪ್ತಿಗೆ ಬರದ ನೀರಿನಲ್ಲಿ ರಿಜಿಸ್ಟ್ರೇಷನ್ ಬೇಡ. ಪಕ್ಕದ ಆರಿಗನ್‌ನಲ್ಲಿ ಎಲೆಕ್ಟ್ರಿಕ್ ಮೋಟಾರ್ ಇದ್ದರೂ ರಿಜಿಸ್ಟ್ರೇಷನ್ ಬೇಕು. ಪೋರ್ಟ್‌ಲ್ಯಾಂಡ್ ಕಡೆಯ ನಮ್ಮವರು ಇದನ್ನು ಮರೆಯಬಾರದು. ಏಪ್ರಿಲ್ ನಾಲ್ಕನೇ ಶನಿವಾರ ಇಲ್ಲಿನ ತಗ್ಗು ಪ್ರದೇಶದ ಕೆರೆಗಳ ಸೀಸನ್ ಶುರುವಾಗುತ್ತದೆ, ಆಗ ನೀರು ಇನ್ನೂ ಕೊರೆಯುತ್ತಿರುತ್ತದೆ. ಈಜು ಬರುತ್ತದೆ ಅನ್ನುವ ಧೈರ್ಯ ಆ ನೀರಿನಲ್ಲಿ ನಡೆಯುವುದಿಲ್ಲ. ಲೈಫ್ ಜಾಕೆಟ್ ದೋಣಿಯಲ್ಲಿ ಇದ್ದರೆ ಸಾಲದು, ಮೈಮೇಲಿರಬೇಕು.

ದಡ ಬಿಡುವ ಮುಂಚೆ ಪ್ರತಿ ಸಲ ಒಂದೇ ಪರೀಕ್ಷೆ: ಮೊಣಕಾಲು ನೀರಿನಲ್ಲಿ ನಿಂತು, ನಾಬ್ ಸ್ವಲ್ಪ ತಿರುಗಿಸಿ, ದಾರ ಎಳೆಯಿರಿ. ನಿಂತಿತಾ, ಸರಿ. ನಿಲ್ಲಲಿಲ್ಲವಾದರೆ ರಿಲೇಯ ಒಳಗಿನ ಕಾಂಟ್ಯಾಕ್ಟ್ ಬೆಸೆದುಕೊಂಡಿರಬಹುದು, ಅವತ್ತು ಹುಟ್ಟು ಹಾಕಿಕೊಂಡೇ ಹೋಗಿ.

ಮನೆಗೆ ಬಂದ ಮೇಲೆ ಪ್ರೊಪೆಲ್ಲರ್ ಬಿಚ್ಚಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಗಾಳದ ದಾರ ಅಲ್ಲಿ ಸುತ್ತಿಕೊಂಡು ಸೀಲ್ ಕತ್ತರಿಸುತ್ತದೆ, ನೀರು ಒಳಗೆ ಹೋಗುತ್ತದೆ. ಬೊಡ್ಡೆಗೆ ತಾಗಿದ್ದರೆ ಪ್ರೊಪೆಲ್ಲರಿನ ಪಿನ್ ಬಾಗಿರುತ್ತದೆ ಅಥವಾ ಮುರಿದಿರುತ್ತದೆ. ಆ ಪಿನ್ ಎರಡು ಮೂರು ಡಾಲರಿನ ವಸ್ತು, ಒಂದೆರಡು ಜಾಸ್ತಿ ತಂದು ಕಂಟ್ರೋಲರ್ ಡಬ್ಬದ ಮುಚ್ಚಳಕ್ಕೆ ಟೇಪ್ ಹಾಕಿ ಅಂಟಿಸಿಡಿ, ಒಂದು ಚಿಕ್ಕ ಇಕ್ಕಳದ ಜೊತೆ.